ಹದಿನೈದು ಬಾಬ್ತು, ಒಂದೇ ನಿಮಿಷ

ಉದ್ಯೋಗಸ್ಥರಿಗೆಂದು ಏರ್ಪಡಿಸಿದ್ದ ಸುಸ್ಥಿರತೆಯ ಪ್ರಾಥಮಿಕ ತರಬೇತಿಯೊಂದರಲ್ಲಿ ಮೂರು ಗಂಟೆ ಕುಳಿತು ಈಗಷ್ಟೇ ಎದ್ದು ಬಂದಿದ್ದೇನೆ. ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಅಂಕ ಬಂದಿದೆ, ಪ್ರಮಾಣಪತ್ರವೂ ಕೈಸೇರಿದೆ, ಸಿಟ್ಟು ಮಾತ್ರ ಇಳಿದಿಲ್ಲ. ಏಳನೆಯ ಪ್ರಶ್ನೆ, ಕೊಠಡಿಯಿಂದ ಹೊರಡುವಾಗ ಏನು ಮಾಡಬೇಕು ಎಂಬುದಾಗಿತ್ತು. ದೀಪ ಆರಿಸಬೇಕು ಎಂದು ಗುರುತು ಹಾಕಿದೆ. ಖರೀದಿ ವಿಭಾಗದಲ್ಲೇ ತಲೆಗೂದಲು ನೆರೆಸಿಕೊಂಡವನಿಗೆ ಈ ಪ್ರಶ್ನೆ!

ಸುಸ್ಥಿರ ಅಭಿವೃದ್ಧಿಗೆ ವಿಶ್ವಸಂಸ್ಥೆಯ ಆಯೋಗವೊಂದು 1987ರ ಬ್ರಂಟ್‌ಲಂಡ್ ವರದಿಯಲ್ಲಿ ಕೊಟ್ಟ ವ್ಯಾಖ್ಯೆಯನ್ನು, ಅಂದರೆ ಮುಂದಿನ ಪೀಳಿಗೆಗಳು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಧಕ್ಕೆ ತಾರದಂತೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳಬೇಕೆಂಬ ಮಾತನ್ನು, ತರಬೇತುದಾರರು ಚೆನ್ನಾಗಿಯೇ ವಿವರಿಸಿದರು. ಆಮೇಲೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಮಗ್ಗಿ ಒಪ್ಪಿಸಿದಂತೆ ಒಂದೊಂದಾಗಿ ಓದಿದರು. ನಿಜವಾದ ವಿಷಯ ಬಂದದ್ದು ಆನಂತರ: ಕಂಪನಿಯೊಂದರಿಂದಾಗುವ ಇಂಗಾಲದ ಹೊರಸೂಸುವಿಕೆಯನ್ನು 'ಸ್ಕೋಪ್' ಎಂಬ ಮೂರು ಪಾಲಾಗಿ ಲೆಕ್ಕ ಹಾಕುವ ಬಗೆ. ನಮ್ಮದೇ ಬಾಯ್ಲರ್ ಮತ್ತು ವಾಹನಗಳ ಹೊಗೆ ಸ್ಕೋಪ್ 1, ಕೊಂಡ ವಿದ್ಯುತ್ತಿನದು ಸ್ಕೋಪ್ 2, ಕೊಂಡ ಸರಕಿನಿಂದ ಹಿಡಿದು ಮಾರಿದ ವಸ್ತು ಕಸವಾಗುವವರೆಗಿನ 15 ಬಾಬ್ತುಗಳೆಲ್ಲ ಸ್ಕೋಪ್ 3. ಬಹುತೇಕ ಕಂಪನಿಗಳ ಲೆಕ್ಕದಲ್ಲಿ ದೊಡ್ಡ ಪಾಲು ಈ ಮೂರನೆಯದರದ್ದೇ. ಅದಕ್ಕೆ ಸಿಕ್ಕಿದ್ದು ಒಂದು ಸ್ಲೈಡು, ಹೆಚ್ಚೆಂದರೆ ಒಂದು ನಿಮಿಷ. ದೀಪ ಆರಿಸುವುದಕ್ಕೆ ಇಪ್ಪತ್ತು ನಿಮಿಷ.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು, "ಸರ್, ನಮ್ಮ ಕೊಟೇಶನ್ ಹೋಲಿಕೆ ಪಟ್ಟಿಯಲ್ಲಿ ದರ ಮತ್ತು ಅವಧಿ ಬಿಟ್ಟರೆ ಬೇರೆ ಕಾಲಮ್ಮೇ ಇಲ್ಲ, ಇವನ್ನೆಲ್ಲ ನಾನು ಎಲ್ಲಿ ಬರೆಯಲಿ?" ಎಂದು ಕೇಳಿದಳು. ಇಡೀ ದಿನದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. "ಅದು ಮುಂದಿನ ಹಂತದ ತರಬೇತಿಯಲ್ಲಿ ಬರುತ್ತದಮ್ಮ" ಎಂಬ ಉತ್ತರ ಕೇಳಿ ಅವಳು ಕುಳಿತುಬಿಟ್ಟಳು.

ಆ ಕ್ಷಣ ನನಗೆ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಯೋಜನೆಯಲ್ಲಿ ಎರಡು ವಾರ ತಡಮಾಡಿ, ಹಡಗಿನಲ್ಲಿ ಬರಬೇಕಾದ ಸರಕನ್ನು ವಿಮಾನದಲ್ಲಿ ತರಿಸಿದ ಸಹಿಗಳು ನನ್ನವೇ ಎಷ್ಟಿವೆಯೋ ಲೆಕ್ಕವಿಲ್ಲ. ಅಷ್ಟೇ ತೂಕವನ್ನು ಅಷ್ಟೇ ದೂರ ಸಾಗಿಸಲು ವಿಮಾನ ಹಡಗಿಗಿಂತ ಹತ್ತಾರು ಪಟ್ಟು ಹೆಚ್ಚು ಇಂಗಾಲ ಉಗುಳುತ್ತದೆ. ಅಂಥ ಒಂದು ಸಹಿಯ ಎದುರು ನಾನು ಜೀವಮಾನವಿಡೀ ಆರಿಸಿದ ದೀಪಗಳು ಯಾವ ಲೆಕ್ಕ? ಸಾಗಣೆಯೂ ಆ 15 ಬಾಬ್ತುಗಳಲ್ಲಿ ಸೇರಿದೆಯೆಂದು ಅಂದು ನನಗೆ ಯಾರೂ ಹೇಳಿರಲಿಲ್ಲ. ಇಂದು ಆ ಹುಡುಗಿಗೂ ಹೇಳಲಿಲ್ಲ.

ಪ್ರಾಥಮಿಕ ತರಬೇತಿಯೆಂದರೆ ಅ ಆ ಇ ಈಯಿಂದಲೇ ಶುರುವಾಗಬೇಕಲ್ಲವೇ ಎಂದು ಜೊತೆಗಿದ್ದ ಗೆಳೆಯರು ಸಮಾಧಾನ ಹೇಳಿದರು. ಒಪ್ಪಿದೆ, ಆದರೆ ಕೊಳ್ಳುವವನ ಅಕ್ಷರಮಾಲೆ ಕೊಟೇಶನ್ನಿನಲ್ಲಿದೆ, ಲೆಕ್ಕಿಗನದು ವೋಚರಿನಲ್ಲಿದೆ. ಸ್ವಿಚ್ಚಿನಲ್ಲಿ ಯಾರದೂ ಇಲ್ಲ. ಬಂದವರು ತಂತಮ್ಮ ಒಂದು ಕಾಗದ ತರಲಿ, ಅದರಲ್ಲಿ ಎಲ್ಲಿ ಏನು ಸೇರಿಸಬಹುದೆಂದು ಕುಳಿತು ನೋಡೋಣ ಎಂದಿದ್ದರೆ ಮೂರು ಗಂಟೆ ಸಾಕಾಗುತ್ತಿತ್ತು.

ಹೊರಗೆ ಬಂದ ಮೇಲೆ ಆ ಹುಡುಗಿಯ ಪಟ್ಟಿಗೆ ಮೂರು ಕಾಲಮ್ಮು ಬರೆದುಕೊಟ್ಟೆ: ಸಾಗಣೆಯ ಬಗೆ, ಬಾಳಿಕೆಯ ವರ್ಷ, ದುರಸ್ತಿಯ ಬಿಡಿಭಾಗ ಸಿಗುತ್ತದೆಯೇ ಇಲ್ಲವೇ. "ಸರ್, ಇದಕ್ಕೆ ನಮ್ಮ ಮ್ಯಾನೇಜರ್ ಒಪ್ಪುತ್ತಾರಾ?" ಎಂದಳು. ಮ್ಯಾನೇಜರು ತರಬೇತಿಗೆ ಬಂದಿರಲಿಲ್ಲವಂತೆ.