ಮಿಡತೆಗೆ ಹೊಡೆದ ವಿಷ

ಅರ್ಜೆಂಟೀನಾದಲ್ಲಿ ಸತ್ತ ಸ್ವೈನ್ಸನ್ ಗಿಡುಗಗಳ ಬಗ್ಗೆ ಒಂದು ಲೇಖನ ಓದಿ ತುಂಬಾ ಸಂಕಟವಾಯಿತು. ಆ ಲೇಖನದಲ್ಲಿ ಅವು ಸತ್ತ ಬಗೆ ಬಂದಿಲ್ಲ. ಅದನ್ನು ಹೇಳಲೇಬೇಕು ಅನ್ನಿಸಿತು.

ಈ ಗಿಡುಗಗಳು ಉತ್ತರ ಅಮೆರಿಕದಿಂದ ಸುಮಾರು 10 ಸಾವಿರ ಕಿಲೋಮೀಟರ್ ಹಾರಿ ಅಲ್ಲಿಗೆ ಹೋಗುತ್ತವೆ. ಅಲ್ಲಿ ಅವುಗಳ ಮುಖ್ಯ ಊಟವೇ ಮಿಡತೆ. ನಮ್ಮಲ್ಲಿ ನೇಗಿಲ ಹಿಂದೆ ಬೆಳ್ಳಕ್ಕಿ ನಡೆಯುತ್ತವಲ್ವಾ, ಹಾಗೆಯೇ ಇವು ಟ್ರ್ಯಾಕ್ಟರ್ ಹಿಂದೆ ಬರುತ್ತವೆ. 1995-96ರಲ್ಲಿ ಆ ಟ್ರ್ಯಾಕ್ಟರ್‌ಗಳು ಮಿಡತೆಗೆಂದು ಮೊನೊಕ್ರೋಟೋಫಾಸ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದವು. ವಿಷ ಮೈಮೇಲೂ ಬಿತ್ತು, ಹೊಟ್ಟೆಗೂ ಹೋಯಿತು. ರಾತ್ರಿ ತಂಗುವ ನೀಲಗಿರಿ ಮರಗಳ ಕೆಳಗೆ ರಾಶಿ ರಾಶಿ ಹೆಣ. ಒಟ್ಟು ಸುಮಾರು 20 ಸಾವಿರ ಸತ್ತಿರಬೇಕು ಎಂದು ಅಂದಾಜು. ಆಮೇಲೆ ಅಲ್ಲಿ ಆ ಔಷಧಿ ನಿಷೇಧವಾಯಿತು, ಸಾವೂ ಬಹಳ ಕಡಿಮೆಯಾಯಿತು.

ಆ ಔಷಧಿಯ ಹೆಸರು ನನಗೆ ಹೊಸದಲ್ಲ. ಅಪ್ಪ ಹತ್ತಿಗೆ ಅದನ್ನೇ ಹೊಡೆಯುತ್ತಿದ್ದರು. ಡಬ್ಬಿಯ ಮೇಲೆ ಕೆಂಪು ತ್ರಿಕೋನ, ತಲೆಬುರುಡೆ. ಮುಚ್ಚಳ ತೆಗೆದರೆ ಆ ವಾಸನೆ ಸಂಜೆವರೆಗೂ ಅಂಗಿಯಲ್ಲಿ ಇರುತ್ತಿತ್ತು. ಬಿಹಾರದಲ್ಲಿ 2013ರಲ್ಲಿ ಶಾಲೆಯ ಬಿಸಿಯೂಟದಲ್ಲಿ ಇದೇ ವಿಷ ಸೇರಿ 23 ಮಕ್ಕಳು ಸತ್ತರು. ನಮ್ಮಲ್ಲಿ ತರಕಾರಿಗೆ ಬಳಸಬಾರದು ಎಂದು 2005ರಲ್ಲೇ ಹೇಳಿದ್ದರೂ ಮಾರಾಟ ನಡೆದೇ ಇತ್ತು.

ನಮ್ಮಲ್ಲೂ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅವು ಸುಮ್ನೆ ನೀರಲ್ಲೇ ಇರುವುದಿಲ್ಲ, ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಆ ಹೊಲಗಳಿಗೆ ಏನು ಹೊಡೆಯುತ್ತಿದ್ದಾರೆ ಅಂತ ಯಾರಾದರೂ ನೋಡುತ್ತಿದ್ದಾರಾ? ಅಲ್ಲಿನ ರೈತರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ.