ತಿದಿ ಒತ್ತೋರು ಯಾರು?

ಡಿಸೆಂಬರ್ ಬಂತೆಂದರೆ ಕ್ರಿಸ್‌ಮಸ್ ಕಾರ್ಡಿನ ಮೇಲೆ ಆ ದೇವದೂತ ಹಾಜರ್. ಗುಂಗುರು ಕೂದಲು, ಬಂಗಾರದ ರೆಕ್ಕೆ, ತೊಡೆಯ ಮೇಲೆ ಪುಟ್ಟ ಪೋರ್ಟಟಿವ್ ಆರ್ಗನ್, ಅಂದರೆ ತಿದಿಯ ಗಾಳಿಯಿಂದ ಕೊಳವೆಗಳನ್ನು ನುಡಿಸುವ ಕೈವಾದ್ಯ. ಎಲ್ಲ ಚೆನ್ನ, ಆದರೆ ಎರಡೂ ಕೈ ಸ್ವರದ ಮನೆಗಳ (ಕೀಲಿಗಳ) ಮೇಲೇ ಇವೆ! ಹಾಗಾದರೆ ತಿದಿ ಒತ್ತೋರು ಯಾರು ಸ್ವಾಮಿ? ರೆಕ್ಕೆಯಲ್ಲಿ ಒತ್ತುತ್ತಾನೋ?

ಹಳಬರು ಹೀಗೆ ಎಡವುತ್ತಿರಲಿಲ್ಲ. ಆಂಟ್ವರ್ಪ್‌ನಲ್ಲಿರುವ ಹದಿನೈದನೇ ಶತಮಾನದ ಚಿತ್ರಗಾರ ಮೆಮ್ಲಿಂಗ್‌ನ ಚಿತ್ರ ನೋಡಿ, ದೇವದೂತನ ಬಲಗೈ ಮನೆಗಳ ಮೇಲೆ, ಎಡಗೈ ತಿದಿಯ ಕಡೆಗೆ. ಈ ವಾದ್ಯದಲ್ಲಿ ಎಡಗೈಗೆ ಬೇರೆ ಕೆಲಸವೂ ಇಲ್ಲ, ಬಿಡುವೂ ಇಲ್ಲ. ಇರುವುದು ಒಂದೇ ತಿದಿ. ಒತ್ತಿದರೆ ಸ್ವರ, ಗಾಳಿ ತುಂಬಲು ತೆರೆದರೆ ಮೌನ. ಹಾಗಾಗಿ ಹಾಡುಗಾರನಂತೆ ಸಾಲು ಮುಗಿಯುವ ಕಡೆ ನೋಡಿ ಉಸಿರು ಎಳೆದುಕೊಳ್ಳಬೇಕು. ಒಟ್ಟಿಗೆ ಎರಡು ಸ್ವರ ಹಿಡಿದರೆ ಗಾಳಿ ಬೇಗ ತೀರುತ್ತದೆ. ಮಂದ್ರದ ಕೊಳವೆಗಳಂತೂ ಗಟಗಟ ಕುಡಿಯುತ್ತವೆ. ತಿದಿ ಬರಿದಾಗುತ್ತ ಬಂದಾಗ ಒತ್ತಡ ಕುಗ್ಗಿದರೆ ಸ್ವರ ಸಾಯುವ ಮುಂಚೆ ಶ್ರುತಿ ಇಳಿಯುತ್ತದೆ. ಗಾಬರಿಯಾಗಿ ಜೋರಾಗಿ ಅಮುಕಿದಿರೋ, ಶ್ರುತಿ ಏರಿ, ಕೊನೆಗೆ ಕೊಳವೆ ಮೇಲಿನ ಸ್ಥಾಯಿಗೇ ಹಾರಿ ಕಿರುಚುತ್ತದೆ.

ಇದನ್ನು ನೋಡಿದ ಕೂಡಲೇ ‘ಓ, ಹಾರ್ಮೋನಿಯಂನ ಅಜ್ಜ’ ಅನ್ನುವವರು ಒಬ್ಬರು ಇದ್ದೇ ಇರುತ್ತಾರೆ. ಅಜ್ಜನೂ ಅಲ್ಲ, ಮಾವನೂ ಅಲ್ಲ. ಹಾರ್ಮೋನಿಯಂ ನುಡಿಯುವುದು ಹಿತ್ತಾಳೆಯ ರೀಡಿನಿಂದ. ಇಲ್ಲಿರುವುದು ನಿಲ್ಲಿಸಿಟ್ಟ ಕೊಳಲುಗಳ ಸಾಲು. ಅಲ್ಲಿ ಒಳಗಿನ ಸ್ಪ್ರಿಂಗ್ ತಿದಿ ಗಾಳಿ ಕೂಡಿಟ್ಟು ಕೈಯ ತಪ್ಪನ್ನೆಲ್ಲ ಮುಚ್ಚಿಹಾಕುತ್ತದೆ. ಇಲ್ಲಿ ಅಂಥ ಉಳಿತಾಯ ಖಾತೆ ಇಲ್ಲ, ತಂದದ್ದು ಆಗಲೇ ಖರ್ಚು.

ಶ್ರುತಿಯ ಗೋಳು ಬೇರೆ. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಹತ್ತು ಡಿಗ್ರಿ ಸೆಖೆ ಏರಿದರೆ ಕೊಳವೆಗಳೆಲ್ಲ ಸುಮಾರು 30 ಸೆಂಟ್, ಅಂದರೆ ಅರ್ಧಸ್ವರದ ಮೂರರಲ್ಲೊಂದು ಪಾಲಿನಷ್ಟು, ಮೇಲೆ ಹೋಗುತ್ತವೆ. ಪಕ್ಕದ ವೀಣೆಯವರು ತಂತಿ ತಿರುವಿಕೊಂಡಾರು. ಆರ್ಗನ್ನಿನವನು ಏನು ತಿರುವಬೇಕು? ಕೊಳವೆಯ ಮೇಲ್ಬಾಯಿಗೆ ಚೂಪು ಕೋನು ಇಟ್ಟು ತುಸು ಅಗಲಿಸಿದರೆ ಸ್ವರ ಏರುತ್ತದೆ, ಟೊಳ್ಳು ಕೋನು ಕವುಚಿ ಕಿರಿದು ಮಾಡಿದರೆ ಇಳಿಯುತ್ತದೆ. ಪದೇ ಪದೇ ಮಾಡಿದರೆ ಅಂಚು ಸೀಳುತ್ತದೆ. ಕೊಳವೆಯನ್ನು ಕೈಯಲ್ಲಿ ಹಿಡಿದು ಸರಿಮಾಡಿದರಂತೂ ಕೆಲಸ ಕೆಟ್ಟಿತು: ಕೈಬಿಸಿಗೆ ಏರಿದ್ದ ಸ್ವರ ತಣಿದ ಮೇಲೆ ಇಳಿದು ಕೂತಿರುತ್ತದೆ.

 ಇನ್ನು ಸಂತ ಸೆಸಿಲಿಯಾಳ ವಿಚಾರ.

ಸಂಗೀತಗಾರರನ್ನು ಕಾಯುವ ಸಂತಳು ಆಕೆ. ನವೆಂಬರ್ 22 ಅವಳ ಹಬ್ಬ. ಚಿತ್ರಗಾರರು ಶತಮಾನಗಳ ಕಾಲ ಅವಳ ಕೈಗೆ ಈ ಆರ್ಗನ್ನನ್ನೇ ತುರುಕಿದ್ದಾರೆ. ಅವಳ ಹಳೆಯ ಕಥೆಯಲ್ಲಿ ಇರುವುದಾದರೂ ಏನು? ಇಷ್ಟವಿಲ್ಲದ ಮದುವೆ. ಸುತ್ತ ವಾದ್ಯಗಳು ಮೊಳಗುತ್ತಿದ್ದಾಗ ಆಕೆ ಮನಸ್ಸಿನೊಳಗೇ ದೇವರೊಬ್ಬನಿಗೆ ಹಾಡಿಕೊಂಡಳು. ಅಂದರೆ ವಾಲಗಕ್ಕೆ ಕಿವಿಯನ್ನೇ ಕೊಡಲಿಲ್ಲ! ಲ್ಯಾಟಿನ್‌ನಲ್ಲಿ ‘ಓರ್ಗಾನಾ’ ಎಂದರೆ ಯಾವ ವಾದ್ಯವೂ ಆಗಬಹುದಿತ್ತು. ಆ ವಾಕ್ಯವನ್ನು ಚರ್ಚಿನ ಹಾಡಿಗೆ ಇಳಿಸುವಾಗ ‘ಮನಸ್ಸಿನೊಳಗೆ’ ಅನ್ನುವುದು ಬಿಟ್ಟುಹೋಯಿತು, ‘ಓರ್ಗಾನಾ’ ಹೋಗಿ ಆರ್ಗನ್ನೇ ಆಯಿತು. ಮದುವೆಮನೆಯ ಗದ್ದಲ ಬೇಡ ಅಂದ ಹುಡುಗಿಯ ಕೈಗೇ ವಾಲಗ ಕೊಟ್ಟು ಕೂರಿಸಿದರು. ಇತ್ತ ಚರ್ಚಿನ ಆರ್ಗನ್ನನ್ನೇ ವೃತ್ತಿಯಾಗಿ ನುಡಿಸಿದ ಲ್ಯಾಂಡಿನಿ, ಸಿಡುಬಿನಲ್ಲಿ ಕಣ್ಣು ಕಳೆದುಕೊಂಡು 1397ರಲ್ಲಿ ತೀರಿಕೊಂಡವನು, ಫ್ಲಾರೆನ್ಸ್‌ನ ಸಾನ್ ಲೊರೆಂಜೊದಲ್ಲಿ ಇದೇ ಪುಟ್ಟ ವಾದ್ಯ ಹಿಡಿದು ಗೋರಿಕಲ್ಲಿನಲ್ಲಿ ಮಲಗಿದ್ದಾನೆ. ಅವನನ್ನು ಯಾವ ಕಾರ್ಡಿನ ಮೇಲೂ ಕಾಣೆ.

ರಾಫೇಲ್ ಮಾತ್ರ ಕಥೆ ಸರಿಯಾಗಿ ಓದಿಕೊಂಡಂತಿದೆ. ಬೊಲೊನ್ಯದಲ್ಲಿರುವ ಅವನ ಚಿತ್ರದಲ್ಲಿ ಸೆಸಿಲಿಯಾ ಮೇಲೆ ನೋಡುತ್ತಿದ್ದಾಳೆ. ಕಾಲ ಬಳಿ ಮುರಿದ ವಾದ್ಯಗಳ ರಾಶಿ. ಅವು ರಾಫೇಲನ ಸಹಾಯಕ ಜೊವಾನ್ನಿ ದ ಊದಿನೆಯ ಕೆಲಸ ಎಂದು, ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಹೇಳಿದ್ದಾನೆ. ಅವಳ ಕೈಯ ಆರ್ಗನ್ ತಲೆಕೆಳಗಾಗಿದೆ, ಕೊಳವೆಗಳು ಒಂದೊಂದಾಗಿ ಜಾರುತ್ತಿವೆ. ಲೋಕದ ಸಂಗೀತವನ್ನು ತೊರೆದ ಗುರುತು ಎಂದು ಪಂಡಿತರು ಕೈಮುಗಿಯುತ್ತಾರೆ.

ಮುಗಿಯಲಿ. ಆರ್ಗನ್ ಮಾಡುವವರ ಕಣ್ಣು ಹೋಗುವುದು ಬೇರೆ ಕಡೆ. ಕೊಳವೆಗಳನ್ನು ಹಿಡಿದಿಡಬೇಕಾದ ಅಡ್ಡಪಟ್ಟಿ ಸಡಿಲವಿದೆ. ಸೀಸ ಬೆರೆತ ತವರ, ಬಲು ಮೆತ್ತಗಿನ ಲೋಹ. ನೆಲಕ್ಕೆ ಬಿದ್ದು ಬಾಯಿಯ ಕೆಳತುಟಿ ಕೂದಲೆಳೆಯಷ್ಟು ಒಳಗೆ ಬಾಗಿದರೂ ಸಾಕು, ಆ ಕೊಳವೆ ಬುಸ್ ಅನ್ನುತ್ತದೆಯೇ ಹೊರತು ನುಡಿಯುವುದಿಲ್ಲ. ತೆಳು ಅಲಗಿನಿಂದ ಮೆಲ್ಲಗೆ ಹೊರಕ್ಕೆ ಎತ್ತಬೇಕು, ಊದಿ ನೋಡಬೇಕು, ಮತ್ತೆ ಎತ್ತಬೇಕು. ಅಲ್ಲಿ ಆಗಲೇ ಎರಡು ಜಾರಿವೆ.