ಸುಮ್ನೆ ಮನೇಲಿ ಇದ್ದವಳಲ್ಲ

ಇವತ್ತು ಅಮ್ಮನ ಕ್ಲೇಮ್ ಕೇಸಿನ ತಾರೀಕಿತ್ತು. ಗೂಡ್ಸ್ ಗಾಡಿಯ ಅಪಘಾತದಲ್ಲಿ ಅವಳು ಹೋದದ್ದಕ್ಕೆ ಪರಿಹಾರ ಕೇಳಿ ಹಾಕಿದ ಕೇಸು. ಕೋರ್ಟಿನಿಂದ ಬಂದು ಇನ್ನೂ ಕಾಲು ತೊಳೆದಿಲ್ಲ, ಬರೆಯೋಕೆ ಕೂತಿದ್ದೇನೆ.

ವಕೀಲರ ಟೇಬಲ್ ಹತ್ತಿರ ಕಾಯುತ್ತಾ ಇದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬರು, ನಲವತ್ತರ ಆಸುಪಾಸು. ಜೊತೆಯಲ್ಲಿ ಏಳೆಂಟು ವರ್ಷದ ಮಗಳು. ಹೊಸದಾಗಿ ಅರ್ಜಿ ಹಾಕೋಕೆ ಬಂದಿದ್ದರು. ಗುಮಾಸ್ತರು ಒಂದೊಂದೇ ಕೇಳಿ ಬರೆದುಕೊಳ್ಳುತ್ತಿದ್ದರು. ಮೃತರ ಹೆಸರು. ವಯಸ್ಸು. ಉದ್ಯೋಗ.

"ಏನಿಲ್ಲ ಸಾರ್. ಸುಮ್ನೆ ಮನೇಲಿ ಇದ್ಲು."

ನಾನು ಆ ಮಗುವಿನ ಜಡೆ ನೋಡುತ್ತಿದ್ದೆ. ಒಂದು ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹತ್ತಿರ. ಬೈತಲೆ ಸೊಟ್ಟ. ಒಂದು ಕಡೆಯ ರಿಬ್ಬನ್ ಆಗಲೇ ಬಿಚ್ಚಿಹೋಗಿತ್ತು.

ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ಆ ಮನುಷ್ಯನ ಮೇಲಲ್ಲ, ಆ ಮಾತಿನ ಮೇಲೆ. ಯಾಕಂದ್ರೆ ಮೂರು ವರ್ಷದ ಹಿಂದೆ ಪೊಲೀಸ್ ಸ್ಟೇಷನ್ನಿನಲ್ಲಿ ಅದೇ ಮಾತನ್ನು ನಾನೇ ಹೇಳಿದ್ದೆ. "ತಾಯಿ ಏನು ಮಾಡ್ತಿದ್ರಮ್ಮ?" ಅಂತ ಕೇಳಿದರು. "ಏನೂ ಇಲ್ಲ ಸಾರ್, ಹೌಸ್‌ವೈಫ್" ಅಂದೆ. ಓದಿ ಹೇಳಿದರು, ಸಹಿ ಹಾಕಿದೆ. ಹೋದ ಸಲ ಪಾಟಿ ಸವಾಲಿನಲ್ಲಿ ಇನ್ಶೂರೆನ್ಸ್ ಕಂಪನಿಯ ವಕೀಲರು ಅದೇ ಹಾಳೆಯನ್ನು ನನ್ನ ಮುಂದೆ ಹಿಡಿದರು. "ನಿಮ್ಮ ತಾಯಿ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ, ಅವರಿಗೆ ಯಾವ ಆದಾಯವೂ ಇರಲಿಲ್ಲ ಅಂದರೆ ಸರಿಯೇ?" ನಾನು ಸರಿಯಲ್ಲ ಅಂದೆ. "ಎಂದರೆ ಸರಿಯಲ್ಲ" ಅಂತ ಟೈಪ್ ಆಯಿತು. ಆದರೆ ಆ ಹಾಳೆಯ ಮೇಲಿರೋದು ನನ್ನದೇ ಸಹಿ. ಇವತ್ತಿಗೂ ಅದು ನೆನಪಾದರೆ ನಿದ್ದೆ ಬರೋದಿಲ್ಲ.

ನಮ್ಮ ಮನೆ ನಿಮಗೆ ಗೊತ್ತೇ ಇದೆ. ಅಮ್ಮ ನಾಲ್ಕೂವರೆಗೆ ಎದ್ದು ಎರಡು ಹಸು ಕರೆದು, ಕ್ಯಾನ್ ಹಿಡಿದು ಡೈರಿ ಮುಂದೆ ನಿಲ್ಲುತ್ತಿದ್ದಳು. ಹುಲ್ಲು ಅವಳದು, ಸಗಣಿ ಅವಳದು, ಕರು ಹಾಕುವ ರಾತ್ರಿಯ ಜಾಗರಣೆ ಅವಳದು. ಡೈರಿ ಪಾಸ್‌ಬುಕ್ ಮಾತ್ರ ಅಪ್ಪನ ಹೆಸರಿನಲ್ಲಿ! ಹಾಗಾಗಿ ಕಾಗದದ ಪ್ರಕಾರ ಹಾಲಿನ ಆದಾಯ ಅಪ್ಪನದು. ಅಮ್ಮ ಹೋದ ನಾಲ್ಕನೇ ತಿಂಗಳಿಗೆ ಎರಡೂ ಹಸು ಮಾರಿದೆವು. ಕರೆಯೋರು ಯಾರು? ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳೋಕೆ ಬರುವವರಿಗೆ ಈಗ ತಿಂಗಳಿಗೆ 9,000 ಕೊಡುತ್ತಿದ್ದೇವೆ. ಅವರು ಸಂಜೆ ಐದಕ್ಕೆ ಹೊರಡುತ್ತಾರೆ. ಅಮ್ಮ ಐದಕ್ಕೆ ಎಲ್ಲಿಗೆ ಹೊರಡುತ್ತಿದ್ದಳು ಹೇಳಿ?

ಆ ಒಂದು "ಏನಿಲ್ಲ"ಕ್ಕೆ ಎಷ್ಟು ನಷ್ಟ ಅಂತ ವಕೀಲರು ಒಮ್ಮೆ ಹಾಳೆಯ ಮೇಲೆ ಬರೆದು ತೋರಿಸಿದರು. ಅಮ್ಮನಿಗೆ 52. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 51ರಿಂದ 55ರ ವಯಸ್ಸಿಗೆ ಗುಣಕ 11, ಅಂದರೆ ವರ್ಷದ ಆದಾಯವನ್ನು 11ರಿಂದ ಗುಣಿಸಬೇಕು. 2017ರ ಪ್ರಣಯ್ ಸೇಠಿ ತೀರ್ಪಿನಂತೆ ಮುಂದಿನ ದುಡಿಮೆಗೆ ಅಂತ 10 ಪರ್ಸೆಂಟ್ ಸೇರಿಸಬೇಕು. ನಮ್ಮಷ್ಟು ಜನ ಅವಲಂಬಿತರಿದ್ದರೆ ಅವಳ ಸ್ವಂತ ಖರ್ಚಿಗೆ ಮೂರರಲ್ಲಿ ಒಂದು ಪಾಲು ಕಳೆಯಬೇಕು. ಹೀಗೆ ಲೆಕ್ಕ ಹಾಕಿದರೆ, ತಿಂಗಳ ಆದಾಯ ಒಂದು ಸಾವಿರ ಕಡಿಮೆ ಹಿಡಿದರೂ ಕೊನೆಗೆ ಪರಿಹಾರದಲ್ಲಿ 96,800 ರೂಪಾಯಿ ಕಡಿಮೆಯಾಗುತ್ತದೆ. ಐದು ಸಾವಿರ ಕಡಿಮೆ ಹಿಡಿದರೆ? ನೀವೇ ಗುಣಿಸಿ ನೋಡಿ.

ಹಾಗಂತ ಕೋರ್ಟುಗಳು ಕಣ್ಣು ಮುಚ್ಚಿ ಕೂತಿಲ್ಲ. 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ ಪಟ್ಟಿಯಲ್ಲಿ, ಸಂಬಳ ಇಲ್ಲದ ಹೆಂಡತಿಯ ಆದಾಯ ಅಂದರೆ ಗಂಡನ ಆದಾಯದ ಮೂರರಲ್ಲಿ ಒಂದು ಪಾಲು ಅಂತಿತ್ತು. 1989ರಲ್ಲಿ ಜಮ್‌ಶೆಡ್‌ಪುರದ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಎಷ್ಟೋ ಹೆಂಗಸರು, ಮಕ್ಕಳು ಸತ್ತರು. ಆ ಕೇಸಿನಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಹಿಡಿಯಿತು. ಅದೇ ಕೋರ್ಟಿನ 2021ರ ಕೀರ್ತಿ ಕೇಸಿನ ತೀರ್ಪು ಇನ್ನೂ ಮುಂದೆ ಹೋಯಿತು. ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಅನ್ನುವ ಸರ್ಕಾರದ್ದೇ ಸರ್ವೆಯನ್ನು ಎತ್ತಿ ಹೇಳಿತು. ಜಡ್ಜ್‌ಗಳು ಇಷ್ಟು ಹೇಳಿದ ಮೇಲೂ ನಾವು, ಅವಳು ಹಾಕಿದ ಅನ್ನ ತಿಂದವರು, ಕಟಕಟೆಗೆ ಬಂದು "ಏನಿಲ್ಲ ಸಾರ್" ಅನ್ನುತ್ತೇವೆ.

ದೊಡ್ಡಪ್ಪ ಹಬ್ಬಕ್ಕೆ ಬಂದಾಗ ಎಲ್ಲರ ಮುಂದೆ ಕೇಳಿದರು, "ಹೆತ್ತ ತಾಯಿಗೇ ಬೆಲೆ ಕಟ್ಟೋಕೆ ಹೊರಟಿದ್ದೀಯೇನವ್ವಾ? ಆ ಡ್ರೈವರ್ ಬೇರೆ ಪಾಪದವನು." ದೊಡ್ಡಪ್ಪ, ಆ ಗೂಡ್ಸ್ ಗಾಡಿಗೆ ಇನ್ಶೂರೆನ್ಸ್ ಇದೆ, ಕಟ್ಟಬೇಕಾದ್ದು ಕಂಪನಿ. ಇನ್ನು ಬೆಲೆ ಕಟ್ಟೋ ಮಾತು. ನಾನು ಅಮ್ಮನಿಗೆ ಬೆಲೆ ಕಟ್ಟುತ್ತಿಲ್ಲ. ಅವಳು ಮಾಡುತ್ತಿದ್ದ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಅನ್ನುತ್ತಿದ್ದೇನೆ. ಬದುಕಿದ್ದಾಗ ಅದನ್ನು ನಾವ್ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ, ನೀವೂ ಸೇರಿ.

ಇವತ್ತು ಸುಮ್ಮನಿರೋಕೆ ಆಗಲಿಲ್ಲ. "ಅಣ್ಣಾ, ಹಂಗೆ ಬರೆಸಬೇಡಿ" ಅಂದೆ. ಅವರು ಗಾಬರಿಯಿಂದ ನೋಡಿದರು. "ಮತ್ತೆ ಏನಂತ ಬರೆಸಲಿ ಅಕ್ಕಾ?" ನಾನು ಬಾಯಿ ತೆಗೆಯುವ ಮೊದಲೇ ಆ ಮಗು ಹೇಳಿತು, "ಅಮ್ಮ ಬ್ಲೌಸ್ ಹೊಲೀತಿದ್ಲಲ್ಲಪ್ಪ. ಟೀಚರ್‌ದೂ ಹೊಲಿದಿದ್ಲು." ಗುಮಾಸ್ತರು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. ಆಮೇಲೆ ಮೊದಲು ಬರೆದದ್ದನ್ನು ಹೊಡೆದುಹಾಕಿ "ಟೈಲರಿಂಗ್ ಮತ್ತು ಮನೆಗೆಲಸ" ಅಂತ ಬರೆದರು.

ಅವರು ಬೇಗ ಬಂದಿದ್ದು ಒಳ್ಳೆಯದೇ ಆಯಿತು. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ 2019ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಸಾವಾದ ಮನೆಯಲ್ಲಿ ಆರು ತಿಂಗಳು ಹೋಗೋದು ಗೊತ್ತೇ ಆಗಲ್ಲ.

ನಮ್ಮದು ಮುಂದಿನ ತಿಂಗಳಿಗೆ ಹೋಯಿತು. ಅಮ್ಮನ ಸ್ತ್ರೀಶಕ್ತಿ ಸಂಘದ ಪುಸ್ತಕ ಸಿಕ್ಕಿದೆ. ಎರಡನೇ ಹಸುವಿನ ಸಾಲ ಅವಳ ಹೆಸರಿನಲ್ಲೇ ಇದೆ, ಕಂತು ಕಟ್ಟಿದ ಕಡೆಯೆಲ್ಲ ಅವಳದೇ ವಕ್ರ ಸಹಿ. ಡೈರಿಯ ಕಾರ್ಯದರ್ಶಿ ಸಾಕ್ಷಿ ಹೇಳೋಕೆ ಬರ್ತೀನಿ ಅಂದಿದ್ದಾರೆ. ದಿನಾ ಬೆಳಗ್ಗೆ ಕ್ಯಾನ್ ತಂದು ಹಾಲು ಅಳೆಸುತ್ತಿದ್ದದ್ದು ಯಾರು ಅಂತ ಅವರಿಗೆ ಗೊತ್ತು.